ಹಳೇ 911 ತಗೊಳ್ಳಲೇ, ಫೆರಾರಿ ತಗೊಳ್ಳಲೇ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಪೋರ್ಷೆ 911, ಫೆರಾರಿ 458. ಯಾವುದರ ಖರ್ಚು ಕಡಿಮೆ? ಮಾರುವಾಗ ಯಾವುದು ಸುಲಭ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಾನಾದರೆ 911 ಅನ್ನುತ್ತೇನೆ. ಹಿಂದೆ ಎರಡು ಪುಟ್ಟ ಸೀಟಿವೆ, ದಿನಾ ಓಡಿಸಬಹುದು. ಫೆರಾರಿಯಲ್ಲಿ ಕಿಲೋಮೀಟರ್ ಏರಿದಂತೆ ಬೆಲೆ ಇಳಿಯುತ್ತದೆ. ಹಾಗಂತ ಸುಮ್ನೆ ನಿಲ್ಲಿಸಿದರೆ ಬ್ಯಾಟರಿ, ಟೈರ್ ಹಾಳು. ಫೆರಾರಿಯ ಹಳೆಯ ಮಾದರಿ ಎಫ್355ರಲ್ಲಿ ಟೈಮಿಂಗ್ ಬೆಲ್ಟ್ (ಎಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಪಟ್ಟಿ) ಬದಲಿಸಲು ಎಂಜಿನ್ನನ್ನೇ ಇಳಿಸಬೇಕಿತ್ತು. 458ರಲ್ಲಿ ಬೆಲ್ಟ್ ಬದಲು ಚೈನ್ ಇದೆ, ಆ ಭಯ ಬೇಡ. ಆದರೆ ಕಾರ್ಬನ್ ಸೆರಾಮಿಕ್ ಬ್ರೇಕ್ ಡಿಸ್ಕ್ ಸವೆದಿದ್ದರೆ ಬಿಲ್ ಲಕ್ಷಗಳಲ್ಲಿ. ಕೊಳ್ಳುವ ಮೊದಲೇ ನೋಡಿಸಿ.

ಮುಂಬೈ ನೋಂದಣಿಯ ಕಾರು ಅಗ್ಗ ಅನಿಸುತ್ತದೆ, ಅಲ್ವಾ? ಇಲ್ಲಿ ವರ್ಷಕ್ಕಿಂತ ಜಾಸ್ತಿ ಇಟ್ಟರೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ನನ್ನ ಗೆಳೆಯ ಇದನ್ನು ಲೆಕ್ಕಕ್ಕೆ ಹಿಡಿಯದೆ ಕಾರು ತಂದು ಬಹಳ ನೊಂದ. ಸರ್ವಿಸ್ ದಾಖಲೆ ಪೂರ್ತಿ ಇಲ್ಲದ ಕಾರನ್ನಂತೂ ಮುಟ್ಟಲೇಬೇಡಿ.