ತೂಕ ಸರಿಯಿದೆ, ಸಕ್ಕರೆ ಏಕೆ ಏರಿತು?

ಪ್ರಶ್ನೆ: ನನಗೆ 41 ವರ್ಷ, ಎತ್ತರ 170 ಸೆಂ.ಮೀ., ತೂಕ 64 ಕಿಲೋ. ಮೂಡಿಗೆರೆ ಸಮೀಪದ ಕಾಫಿ ತೋಟವೊಂದರಲ್ಲಿ ರೈಟರ್ (ಕೆಲಸದ ಉಸ್ತುವಾರಿ, ಲೆಕ್ಕ ನೋಡುವವ) ಆಗಿದ್ದೇನೆ. ನೋಡಿದವರೆಲ್ಲ ಸಣಕಲು ಎನ್ನುತ್ತಾರೆ. ಪ್ಯಾಂಟಿನ ಅಳತೆ 32. ಆದರೂ ತಪಾಸಣೆಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 112, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) 210 ಬಂದಿದೆ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್, ಅಂದರೆ ಯಕೃತ್ತಿನಲ್ಲಿ ಕೊಬ್ಬು ಸೇರಿದೆ ಎಂದಿದ್ದಾರೆ. ವರದಿ ತಪ್ಪಿರಬಹುದೇ? ಊಟ ಬಿಟ್ಟು ತೂಕ ಇಳಿಸಬೇಕೇ?
– ಓದುಗರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಮೂರು ಫಲಿತಾಂಶಗಳೂ ಒಂದೇ ಕಡೆ ಬೆರಳು ತೋರಿಸುತ್ತಿರುವುದರಿಂದ ವರದಿ ತಪ್ಪಿರುವ ಸಾಧ್ಯತೆ ಕಡಿಮೆ. ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕವೇ ಎಂದು ಹೇಳುವ ಸೂಚ್ಯಂಕ) ಸುಮಾರು 22, ಅಂದರೆ ಭಾರತೀಯರಿಗೆ ಹೇಳಿರುವ 23ರ ಮಿತಿಯೊಳಗೇ ಇದೆ. ಆದರೆ ತೂಕದ ಯಂತ್ರಕ್ಕೆ ಮಾಂಸಖಂಡವೂ ಒಂದೇ, ಕೊಬ್ಬೂ ಒಂದೇ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ದೇಹಗಳನ್ನೇ ಉದಾಹರಣೆಯಾಗಿ ಇಟ್ಟು ಇದನ್ನು ತೋರಿಸಿದರು: ಇಬ್ಬರ ಬಿಎಂಐಯೂ 22.3, ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2.

ಚರ್ಮದಡಿಯ ಕೊಬ್ಬಿಗಿಂತ ಹೊಟ್ಟೆಯೊಳಗೆ, ಕರುಳಿನ ಸುತ್ತ ಸೇರುವ ಕೊಬ್ಬು ಹೆಚ್ಚು ತೊಂದರೆ ಕೊಡುತ್ತದೆ. ಅದರಿಂದ ಬಿಡುಗಡೆಯಾಗುವ ಕೊಬ್ಬಿನಾಮ್ಲಗಳು ರಕ್ತದ ಮೂಲಕ ನೇರವಾಗಿ ಯಕೃತ್ತನ್ನು ಸೇರುವುದರಿಂದ ಅಲ್ಲಿ ಇನ್ಸುಲಿನ್ನಿನ ಹಿಡಿತ ಸಡಿಲವಾಗಿ, ಊಟವಿಲ್ಲದ ಹೊತ್ತಿನಲ್ಲೂ ಯಕೃತ್ತು ಸಕ್ಕರೆಯನ್ನು ಹೊರಬಿಡುತ್ತದೆ. ಟ್ರೈಗ್ಲಿಸರೈಡ್ ಏರುವುದೂ ಇದೇ ದಾರಿಯಲ್ಲಿ.

ಪ್ಯಾಂಟಿನ ಅಳತೆಯನ್ನು ನಂಬಬೇಡಿ. ಹೊಟ್ಟೆ ಬಂದ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ, ಅಳತೆ ವರ್ಷಗಟ್ಟಲೆ ಬದಲಾಗುವುದೇ ಇಲ್ಲ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಸಹಜವಾಗಿ ಉಸಿರು ಬಿಟ್ಟ ಮೇಲೆ, ಟೇಪನ್ನು ಬರಿಮೈಗೆ ಸುತ್ತಿ ನೋಡಿ. ಪುರುಷರಿಗೆ 90, ಮಹಿಳೆಯರಿಗೆ 80 ಸೆಂ.ಮೀ. ಮಿತಿ, ಎತ್ತರದ ಅರ್ಧಕ್ಕಿಂತ, ಅಂದರೆ ನಿಮ್ಮಲ್ಲಿ 85ಕ್ಕಿಂತ, ಕಡಿಮೆಯಿದ್ದರೆ ಇನ್ನೂ ಒಳ್ಳೆಯದು.

ಎರಡು ಮೂರು ಕಿಲೋ ಇಳಿದರೆ ಯಕೃತ್ತಿಗೆ ಅನುಕೂಲವೇ. ಆದರೆ ಊಟ ಬಿಟ್ಟು ಇಳಿಸಿದರೆ ಮೊದಲೇ ಕಡಿಮೆಯಿರುವ ಮಾಂಸಖಂಡವೂ ಕರಗುತ್ತದೆ. ಕಡುಬು, ಅಕ್ಕಿ ರೊಟ್ಟಿಯಲ್ಲಿ ಒಂದನ್ನು ಕಡಿಮೆ ಮಾಡಿ ಆ ಜಾಗಕ್ಕೆ ಕಾಳಿನ ಪಲ್ಯ, ಮೊಟ್ಟೆ ಅಥವಾ ಮೀನು ಹಾಕಿಕೊಳ್ಳಿ. ಕಾಫಿಯ ಸಕ್ಕರೆ ನಿಲ್ಲಿಸಿ. ತೋಟದ ರೈಟರ್‌ಗಳು ಈಗ ಬೈಕಿನಿಂದ ಇಳಿಯುವುದೇ ಅಪರೂಪ. ದಿನಕ್ಕೆ ಅರ್ಧ ಗಂಟೆಯಾದರೂ ಏರಿನಲ್ಲಿ ಬಿರುಸಾಗಿ ನಡೆಯಿರಿ, ವಾರಕ್ಕೆ ಎರಡು ದಿನ ಭಾರ ಎತ್ತುವ ಅಥವಾ ಬಸ್ಕಿಯಂಥ ವ್ಯಾಯಾಮ ಮಾಡಿ. ಮದ್ಯದ ವಿಷಯವನ್ನು ನೀವು ಬರೆದಿಲ್ಲ, ಅಭ್ಯಾಸವಿದ್ದರೆ ಬಿಡಲೇಬೇಕು.

ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125ರವರೆಗಿದ್ದರೆ ಅದು ಮಧುಮೇಹದ ಹಿಂದಿನ ಹಂತ, ಇಲ್ಲಿಂದ ಹಿಂತಿರುಗಲು ಸಾಧ್ಯವಿದೆ. ಈ ವಾರವೇ ವೈದ್ಯರನ್ನು ಕಂಡು ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) ಮತ್ತು ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ; ತಂದೆ ತಾಯಿಗೆ ಮಧುಮೇಹವಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.