ಕ್ವಿಕ್ ಹಿಚ್‌ಗೆ ಹಳೇ ರೋಟವೇಟರ್ ಕೂರುತ್ತದಾ?

ಪ್ರಶ್ನೆ: ಸರ್, ನಮ್ಮದು 45 ಎಚ್‌ಪಿ ಟ್ರ್ಯಾಕ್ಟರ್. ರೋಟವೇಟರ್, ಒಂಬತ್ತು ಹಲ್ಲಿನ ಕಲ್ಟಿವೇಟರ್, ಪಲ್ಟಿ ನೇಗಿಲು, ಬಿತ್ತುವ ಕೂರಿಗೆ ಎಲ್ಲಾ ಇವೆ. ಒಂದನ್ನು ಬಿಚ್ಚಿ ಇನ್ನೊಂದು ಹಾಕಬೇಕಂದ್ರೆ ಇಬ್ಬರು ಬೇಕು, ಬಿತ್ತನೆ ಟೈಮಲ್ಲಿ ಆಳು ಎಲ್ಲಿ ಸಿಗ್ತಾರೆ? ಕ್ವಿಕ್ ಹಿಚ್ ಹಾಕಿಸೋಣ ಅಂತಿದ್ದೇವೆ. ಅಂಗಡಿಯವರು ಎಲ್ಲದಕ್ಕೂ ಆಗುತ್ತದೆ ಅಂತಾರೆ. ನಿಜಾನಾ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಆಗುತ್ತದೆ, ಆದರೆ ಎಲ್ಲವನ್ನೂ ಅದರ ಅಳತೆಗೆ ತಂದ ಮೇಲೆ. ಅಂಗಡಿಯವರು ಆ ಅರ್ಧ ಮಾತು ನುಂಗಿದ್ದಾರೆ ಅಷ್ಟೆ.

ಈಗ ನಿಮ್ಮ ಟ್ರ್ಯಾಕ್ಟರ್ ಹಿಂದೆ ಏನಿದೆ? ಕೆಳಗೆ ಎರಡು ಆರ್ಮ್, ಮೇಲೆ ಒಂದು ಟಾಪ್ ಲಿಂಕ್. ಆರ್ಮುಗಳು ಅತ್ತಿತ್ತ ಅಲ್ಲಾಡುತ್ತವೆ, ಟಾಪ್ ಲಿಂಕನ್ನು ತಿರುಗಿಸಿ ಉದ್ದ ಗಿಡ್ಡ ಮಾಡಬಹುದು. ಹೀಗಾಗಿ ಉಪಕರಣದ ಅಳತೆ ಒಂದೆರಡು ಇಂಚು ಹೆಚ್ಚುಕಡಿಮೆ ಇದ್ದರೂ ಹೇಗೋ ಎಳೆದು, ಒದ್ದು, ಸುತ್ತಿಗೆಯಲ್ಲಿ ಬಡಿದು ಪಿನ್ನು ತೂರಿಸುತ್ತೇವೆ. ಕ್ವಿಕ್ ಹಿಚ್ ಹಾಗಲ್ಲ. ಅದು ಆ ಮೂರೂ ತುದಿಗೆ ಖಾಯಂ ಆಗಿ ಕೂರುವ ಕಬ್ಬಿಣದ ಚೌಕಟ್ಟು. ಮೇಲೊಂದು ಕೊಕ್ಕೆ, ಕೆಳಗೆರಡು ಕೊಕ್ಕೆ. ರಿವರ್ಸ್ ಬಂದು ಉಪಕರಣದ ಪಿನ್ನುಗಳ ಕೆಳಗೆ ಕೊಕ್ಕೆ ತಂದು ಲಿಫ್ಟ್ ಎತ್ತಿದರೆ ಮೂರೂ ಪಿನ್ನು ಕೂರುತ್ತವೆ, ಕೆಳಗಿನ ಎರಡಕ್ಕೆ ಲಾಕ್ ಬೀಳುತ್ತದೆ. ಇಳಿಯುವುದೇ ಬೇಡ, ಚೆಂದ. ಆದರೆ ಕೊಕ್ಕೆಗಳ ಜಾಗ ಫಿಕ್ಸ್. ನಿಮ್ಮ ನಾಲ್ಕೂ ಉಪಕರಣ ಆ ಜಾಗಕ್ಕೇ ಬರಬೇಕು.

ಅದಕ್ಕೇ ದುಡ್ಡು ಕೊಡುವ ಮೊದಲು ಟೇಪು ಹಿಡಿದು ಶೆಡ್ಡಿಗೆ ಹೋಗಿ. ನೋಡಬೇಕಾದ್ದು ಮೂರೇ: ಪಿನ್ನಿನ ದಪ್ಪ, ಕೆಳಗಿನ ಎರಡು ಪಿನ್ನುಗಳ ನಡುವಿನ ಅಂತರ, ಕೆಳಗಿನ ಪಿನ್ನಿಂದ ಮೇಲಿನ ಪಿನ್ನಿಗೆ ಎತ್ತರ. ಕೆಟಗರಿ 1 ಅನ್ನುವ ಅಳತೆಯಲ್ಲಿ ಕೆಳಗಿನ ಪಿನ್ನು 22 ಮಿ.ಮೀ., ಮೇಲಿನದು 19. ಕೆಳಗಿನ ಅಂತರ 683 ಮಿ.ಮೀ., ಅಂದರೆ 27 ಇಂಚಿಗೆ ಚೂರು ಕಡಿಮೆ. ಕೆಟಗರಿ 2 ಆದರೆ ಕೆಳಗೆ 28, ಮೇಲೆ 25, ಅಂತರ 825 ಮಿ.ಮೀ. ನಿಮ್ಮ ಎಚ್‌ಪಿಯ ಟ್ರ್ಯಾಕ್ಟರುಗಳ ಹಿಂದೆ ಎರಡೂ ಜಾತಿಯ ಉಪಕರಣ ಓಡುತ್ತವೆ. ಒಂದೇ ಮನೆಯಲ್ಲಿ ಕಲ್ಟಿವೇಟರ್ ಒಂದು ಅಳತೆ, ನೇಗಿಲು ಇನ್ನೊಂದು ಅಳತೆ ಇರುವುದು ಮಾಮೂಲಿ. ಯಾವ ಅಳತೆಯವು ಜಾಸ್ತಿ ಇವೆಯೋ ಆ ಅಳತೆಯ ಚೌಕಟ್ಟು ತಗೊಳ್ಳಿ, ಉಳಿದವನ್ನು ಬದಲಿಸಿ. ಚೌಕಟ್ಟನ್ನೇ ಕುಯ್ದು ಅಗಲ ಮಾಡಿಸಲು ಹೋಗಬೇಡಿ. ಅದು ಕೆಟ್ಟರೆ ನಾಲ್ಕೂ ಉಪಕರಣ ನಿಲ್ಲುತ್ತವೆ.

ಪಿನ್ನಿನ ದಪ್ಪದ್ದು ಸುಲಭ. ಕೊಕ್ಕೆಯ ಗುಂಡಿ ಪಿನ್ನಿಗಿಂತ ದೊಡ್ಡದಿರುತ್ತದೆ, ನಡುವೆ ಬುಷ್ ಬೇಕು, ಅಂದರೆ ಪಿನ್ನಿನ ಮೇಲೆ ಏರಿಸುವ ಗಿಡ್ಡ ಕೊಳವೆ. ಕೆಟಗರಿ 1ಕ್ಕೆ ಸಾಮಾನ್ಯವಾಗಿ ಕೆಳಗಿನ ಬುಷ್ ಹೊರಗಡೆ 36.5 ಮಿ.ಮೀ., ಮೇಲಿನದು 32ರ ಆಸುಪಾಸು. ನಿಮ್ಮ ಕೊಕ್ಕೆಯನ್ನೇ ಅಳೆದು ಲೇತ್‌ನಲ್ಲಿ ಮಾಡಿಸಿ. ಬುಷ್ ಇಲ್ಲದೆ ಬರೀ ಪಿನ್ನಿನ ಮೇಲೆ ಓಡಿಸಿದರೆ ಲಟಲಟ ಅಂತ ಅಲ್ಲಾಡಿ ಕೊಕ್ಕೆಯೂ ಸವೆಯುತ್ತದೆ, ಪಿನ್ನೂ ಸವೆಯುತ್ತದೆ.

ತಲೆನೋವು ಇರುವುದು ಎತ್ತರದಲ್ಲಿ. ಕೆಟಗರಿ 1ರ ಉಪಕರಣಕ್ಕೆ ಸ್ಟ್ಯಾಂಡರ್ಡ್ ಹೇಳುವ ಎತ್ತರ 460 ಮಿ.ಮೀ., ಹದಿನೆಂಟು ಇಂಚು. ಅಮೆರಿಕದ ಅಳತೆಗೆ ಮಾಡಿದ ಕ್ವಿಕ್ ಹಿಚ್‌ನಲ್ಲಿ ಮೇಲಿನ ಕೊಕ್ಕೆ ಇರುವುದು ಹದಿನೈದು ಇಂಚಿಗೆ. ಮೂರು ಇಂಚು ವ್ಯತ್ಯಾಸ! ಮೇಲಿನ ಕೊಕ್ಕೆಯನ್ನು ಏರಿಸಿ ಇಳಿಸಲು ಎರಡು ಮೂರು ತೂತು ಇರುವ ಚೌಕಟ್ಟು ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ, ಅರ್ಧ ವೆಲ್ಡಿಂಗ್ ಖರ್ಚು ಅಲ್ಲೇ ಉಳಿಯುತ್ತದೆ. ಸಿಗಲಿಲ್ಲವೆಂದರೆ ಉಪಕರಣದ ಮಾಸ್ಟಿನಲ್ಲಿ, ಅಂದರೆ ಮೇಲಿನ ಪಿನ್ನು ಕೂರುವ ಎದ್ದು ನಿಂತ ಭಾಗದಲ್ಲಿ, ಕೆಳಗೆ ಹೊಸ ತೂತು ಕೊರೆಸಬೇಕು. ಕಲ್ಟಿವೇಟರ್ ಮಾಸ್ಟು ಬಹಳ ಕಡೆ ಎರಡು ಪಟ್ಟಿ ಮೇಲೆ ಹೋಗಿ ಸೇರುವ ಹಾಗಿರುತ್ತದೆ, ಕೆಳಗೆ ಬಂದಂತೆ ಪಟ್ಟಿಗಳ ನಡುವಿನ ಜಾಗ ಅಗಲ ಆಗುತ್ತದೆ. ಆಗ ಉದ್ದದ ಪಿನ್ನು ಹಾಕಿ ಎರಡೂ ಕಡೆ ಪೈಪಿನ ತುಂಡು ಕೊಟ್ಟು ಬುಷ್ ನಡುವೆಯೇ ನಿಲ್ಲುವಂತೆ ಮಾಡಬೇಕು. ಇಲ್ಲದಿದ್ದರೆ ಪ್ರತಿ ಸಲ ಕೊಕ್ಕೆ ಬುಷ್ಷನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ವೆಲ್ಡಿಂಗ್ ಅಂಗಡಿಯವರು ಇಲ್ಲೊಂದು ಮಾತು ಕೇಳಿಸಿಕೊಳ್ಳುವುದಿಲ್ಲ, ನೀವಾದರೂ ಕೇಳಿ. ಪಿನ್ನು ಹದಿನೆಂಟರಿಂದ ಹದಿನೈದು ಇಂಚಿಗೆ ಇಳಿದರೆ ಅದೇ ನೇಗಿಲು, ಅದೇ ಮಣ್ಣು, ಆದರೂ ಮೇಲಿನ ಪಿನ್ನಿನ ಮೇಲೆ ಬೀಳುವ ಜಗ್ಗು ಸುಮಾರು ಶೇ 20 ಜಾಸ್ತಿ ಆಗುತ್ತದೆ. ಗಿಡ್ಡ ಹಾರೆಯಲ್ಲಿ ಕಲ್ಲು ಮೀಟಿದ ಹಾಗೆ. ಅದಕ್ಕೆ ಹೊಸ ತೂತಿನ ಸುತ್ತ ತೆಳ್ಳನೆ ಪಟ್ಟಿ ಅಂಟಿಸಿದರೆ ಸಾಲದು, 12 ಮಿ.ಮೀ. ಪ್ಲೇಟು ಎರಡೂ ಕಡೆ ಕೊಡಿಸಿ. ಎರೆ ಭೂಮಿ ಒಣಗಿದಾಗ ಪಲ್ಟಿ ನೇಗಿಲು ಹೊಡೆಯುವವರಂತೂ ಇದರಲ್ಲಿ ಚೌಕಾಸಿ ಮಾಡಲೇಬಾರದು. ಮತ್ತೆ, ಕಂಪನಿ ಪಿನ್ನುಗಳು ಹದ ಹಾಕಿದ ಉಕ್ಕು. ಅವುಗಳ ಮೇಲೆ ವೆಲ್ಡಿಂಗ್ ಕಡ್ಡಿ ಮುಟ್ಟಿಸಿದರೆ ಆ ಜಾಗದಲ್ಲಿ ಬಿರುಕು ಬಿಡುತ್ತದೆ. ಪಿನ್ನು ಬದಲಿಸಿ, ಬೆಸೆಯಬೇಡಿ.

ಉಪಕರಣವನ್ನು ಸಮ ನೆಲದಲ್ಲಿ ನಿಲ್ಲಿಸಿ, ಮೇಲಿನ ಪಿನ್ನಿಂದ ಗಾರೆಯವರ ತೂಗುಗುಂಡು ಬಿಟ್ಟು ನೋಡಿ. ದಾರ ಕೆಳಗಿನ ಎರಡು ಪಿನ್ನುಗಳ ಸಾಲಿಗೆ ಹತ್ತಿರ ಬಂದರೆ ಸರಿ. ಬಹಳ ಹಿಂದೆ ಬಿದ್ದರೆ ಮೇಲಿನ ಕೊಕ್ಕೆ ಪಿನ್ನನ್ನು ಮುಟ್ಟುವುದೇ ಇಲ್ಲ, ಆಗ ಮಾಸ್ಟಿನ ಮುಂದಕ್ಕೆ ಪ್ಲೇಟು ಚಾಚಿಸಬೇಕು. ರೋಟವೇಟರಿನಲ್ಲಿ ಕೆಳಗಿನ ಪಿನ್ನು ಎರಡು ಪ್ಲೇಟುಗಳ ನಡುವೆ ಕೂತಿರುತ್ತದಲ್ಲ, ಅಲ್ಲಿ ಕೊಕ್ಕೆ ತೂರುವಷ್ಟು ಜಾಗ ಇದೆಯಾ ಅಂತಲೂ ನೋಡಿ.

ನಾಲ್ಕರಲ್ಲಿ ಮೊದಲು ಕಲ್ಟಿವೇಟರ್ ಮಾಡಿಸಿ. ಅದು ಹಗುರ, ತಪ್ಪಿದರೆ ತಿದ್ದಲು ಸುಲಭ. ರೋಟವೇಟರ್ ಕೊನೆಗೆ. ಯಾಕೆಂದು ಮುಂದಿನ ಪತ್ರದಲ್ಲೇ ಇದೆ.

ಪ್ರಶ್ನೆ: ಕ್ವಿಕ್ ಹಿಚ್ ಹಾಕಿಸಿ ರೋಟವೇಟರ್ ಜೋಡಿಸಿದೆವು. ಗದ್ದೆ ಕೆಸರು ಮಾಡುವಾಗ ಬದುವಿನ ಹತ್ತಿರ ಪಿಟಿಓ ಶಾಫ್ಟ್ (ಟ್ರ್ಯಾಕ್ಟರಿಂದ ರೋಟವೇಟರನ್ನು ತಿರುಗಿಸುವ ಶಾಫ್ಟ್) ಎರಡು ತುಂಡಾಗಿ ಕಳಚಿಕೊಂಡಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮೊದಲು ಹೀಗೆ ಆಗಿರಲಿಲ್ಲ. ಶಾಫ್ಟಿಗೆ ಒಂದು ತುಂಡು ವೆಲ್ಡ್ ಮಾಡಿಸಿ ಉದ್ದ ಮಾಡಿಸಬಹುದಾ?
– ಓದುಗರು, ಗಂಗಾವತಿ ತಾಲ್ಲೂಕು

ಉತ್ತರ: ಬೇಡ, ಬೇಡ. ಮೊದಲು ಆ ಶಾಫ್ಟನ್ನು ತೆಗೆದು ಪಕ್ಕಕ್ಕಿಡಿ.

ಚೌಕಟ್ಟು ಸೇರಿದಾಗ ರೋಟವೇಟರ್ ಸುಮಾರು ನಾಲ್ಕು ಇಂಚು ಹಿಂದಕ್ಕೆ ಹೋಯಿತು. ಶಾಫ್ಟಿನ ಎರಡು ಕೊಳವೆ ಒಂದರೊಳಗೊಂದು ಕೂತಿದ್ದು ಅಷ್ಟೇ ಕಡಿಮೆ ಆಯಿತು. ಸಮ ನೆಲದಲ್ಲಿ ಹೇಗೋ ಓಡಿತು, ಬದುವಿನಲ್ಲಿ ಟ್ರ್ಯಾಕ್ಟರ್ ಮೂಗು ಎತ್ತಿ ರೋಟವೇಟರ್ ಹಳ್ಳಕ್ಕೆ ಇಳಿದಾಗ ಇನ್ನಷ್ಟು ಎಳೆದು ಕಳಚಿತು. 540 ಆರ್‌ಪಿಎಂ ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ವೆಲ್ಡ್ ಮಾಡಿದ ಶಾಫ್ಟು ಕೂದಲೆಳೆ ಸೊಟ್ಟ ಇದ್ದರೂ ಆ ವೇಗದಲ್ಲಿ ಕುಣಿಯುತ್ತದೆ, ಬೇರಿಂಗ್ ತಿನ್ನುತ್ತದೆ, ಒಂದು ದಿನ ಬೆಸುಗೆಯಲ್ಲೇ ಮುರಿಯುತ್ತದೆ.

ಉದ್ದದ ಶಾಫ್ಟು ತನ್ನಿ. ಅಳೆಯುವುದು ಹೀಗೆ. ಶಾಫ್ಟನ್ನು ಎರಡು ಭಾಗ ಮಾಡಿ, ಒಂದನ್ನು ಟ್ರ್ಯಾಕ್ಟರಿಗೆ, ಇನ್ನೊಂದನ್ನು ರೋಟವೇಟರಿಗೆ ಸಿಕ್ಕಿಸಿ, ಅಕ್ಕಪಕ್ಕ ಹಿಡಿದು ನೋಡಿ. ರೋಟವೇಟರನ್ನು ಪೂರ್ತಿ ಇಳಿಸಿ ಒಮ್ಮೆ, ಪೂರ್ತಿ ಎತ್ತಿ ಒಮ್ಮೆ, ಎರಡು ತುದಿಯೂ ನೇರಕ್ಕೆ ಬಂದಾಗ ಒಮ್ಮೆ. ಲಿಫ್ಟ್ ಆಡಿಸುವಾಗ ಪಿಟಿಓ ಆಫ್ ಇರಲಿ, ಹಿಂದೆ ಯಾರೂ ನಿಲ್ಲಬಾರದು. ಪ್ರತಿ ಸಲ ಎಂಜಿನ್ ನಿಲ್ಲಿಸಿ, ಎತ್ತಿದ ರೋಟವೇಟರಿಗೆ ದಪ್ಪ ಮರದ ದಿಮ್ಮಿ ಕೊಟ್ಟು ಆಮೇಲೇ ಹತ್ತಿರ ಹೋಗಿ. ಅತಿ ಉದ್ದ ಬಂದಾಗಲೂ ಕೊಳವೆಗಳು ಮೂರರಲ್ಲಿ ಒಂದು ಪಾಲಾದರೂ ಒಂದರೊಳಗೊಂದು ಇರಬೇಕು. ಅತಿ ಗಿಡ್ಡ ಆದಾಗ ತುದಿ ಮುಟ್ಟದೆ ಒಂದು ಇಂಚು ಉಳಿಯಬೇಕು. ಹೊಸದು ಉದ್ದ ಜಾಸ್ತಿಯಾದರೆ ಎರಡೂ ಕೊಳವೆಯನ್ನು, ಎರಡೂ ಪ್ಲಾಸ್ಟಿಕ್ ಕವರನ್ನು ಸಮವಾಗಿ ಕತ್ತರಿಸಿ ಅಂಚಿಗೆ ಅರ ಹೊಡೆದು ಗ್ರೀಸ್ ಹಚ್ಚಿ. ಆ ಕವರನ್ನು ಅಡ್ಡ ಬರುತ್ತದೆ ಅಂತ ಕಿತ್ತು ಎಸೆಯುವವರೇ ಜಾಸ್ತಿ. ಲುಂಗಿ, ಟವೆಲು, ಸೆರಗು ಸುತ್ತಿಕೊಳ್ಳುವುದು ಅಂಥ ಶಾಫ್ಟಿಗೇ.

ಇನ್ನೊಂದು, ಕ್ವಿಕ್ ಹಿಚ್ ಬಂದರೂ ಶಾಫ್ಟನ್ನು ಮಾತ್ರ ಕೆಳಗಿಳಿದು ಕೈಯಲ್ಲೇ ಹಾಕಬೇಕು, ಎಂಜಿನ್ ಬಂದ್ ಮಾಡಿ.

ಪ್ರಶ್ನೆ: ಕೃಷಿ ಯಂತ್ರಧಾರೆಯಿಂದ ಬಾಡಿಗೆಗೆ ತರುವ ಉಪಕರಣಗಳಿಗೆ ಕ್ವಿಕ್ ಹಿಚ್ ಆಗುತ್ತದಾ?
– ಓದುಗರು, ಹಿರಿಯೂರು

ಉತ್ತರ: ಅವರ ಉಪಕರಣಕ್ಕೆ ನಾವು ತೂತು ಕೊರೆಯುವ ಹಾಗಿಲ್ಲ, ವೆಲ್ಡಿಂಗಂತೂ ಕೇಳಲೇಬೇಡಿ. ಬುಷ್ ಏರಿಸಿದಷ್ಟಕ್ಕೇ ಕೂತರೆ ಸರಿ. ಇಲ್ಲವೆಂದರೆ ಆವತ್ತಿಗೆ ಚೌಕಟ್ಟು ಬಿಚ್ಚಿಟ್ಟು ಹಳೇ ಪದ್ಧತಿಯಲ್ಲೇ ಜೋಡಿಸಿ. ಬಾಡಿಗೆಯದೇ ಜಾಸ್ತಿ ಬಳಸುವವರಿಗೆ ಈ ಖರ್ಚು ದಂಡ.

ಪ್ರಶ್ನೆ: ನನಗಿರುವುದು ಕಲ್ಟಿವೇಟರ್ ಮತ್ತು ಟ್ರೇಲರ್ ಮಾತ್ರ. 35 ಎಚ್‌ಪಿ. ಹಾಕಿಸಲಾ?
– ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಬೇಡ. ಟ್ರೇಲರ್ ಹುಕ್ಕೇ ಬೇರೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಉಳಿದಿದ್ದು ಒಂದೇ ಕಲ್ಟಿವೇಟರ್, ಅದನ್ನು ವಾರಕ್ಕೆ ಎಷ್ಟು ಸಲ ಬಿಚ್ಚುತ್ತೀರಿ? ಸಣ್ಣ ಟ್ರ್ಯಾಕ್ಟರಿಗೆ ಮೂವತ್ತು ಕಿಲೋ ಆಸುಪಾಸಿನ ಚೌಕಟ್ಟು ತೂಗುಹಾಕಿ, ಭಾರವನ್ನು ನಾಲ್ಕು ಇಂಚು ಹಿಂದಕ್ಕೆ ತಳ್ಳಿದರೆ ಲಿಫ್ಟ್ ಎತ್ತುವ ತಾಕತ್ತು ಕಡಿಮೆಯಾಗುತ್ತದೆ, ಮುಂದಿನ ಗಾಲಿಯೂ ಹಗುರ ಆಗುತ್ತದೆ. ಪಿನ್ನು ತೂರಿಸಲು ಕಷ್ಟ ಅನ್ನುವುದೇ ತೊಂದರೆಯಾದರೆ ಆರ್ಮ್ ತುದಿಯ ಗುಂಡು ಸವೆದಿದೆಯಾ, ಆರ್ಮನ್ನು ಏರಿಸಿ ಇಳಿಸುವ ಲೆವೆಲಿಂಗ್ ಹ್ಯಾಂಡಲ್ ಸಲೀಸಾಗಿ ತಿರುಗುತ್ತದಾ, ಕಲ್ಟಿವೇಟರನ್ನು ಸಮ ಜಾಗದಲ್ಲಿ ಬಿಡುತ್ತೀರಾ ನೋಡಿ. ಶೆಡ್ಡಿನಲ್ಲಿ ಅದು ನಿಲ್ಲುವ ಜಾಗಕ್ಕೆ ಎರಡು ಹಳೇ ಹಲಗೆ ಹಾಸಿ ಗ್ರೀಸ್ ಗನ್ ತಗೊಳ್ಳಿ, ಸದ್ಯಕ್ಕೆ ಅಷ್ಟು ಸಾಕು.