ಮೊದಲ ರೇಸಿಗೆ ಯಾವ ದೋಣಿ?

ಹುಟ್ಟು ಹಾಕೋದನ್ನು ಕಲಿತು ಮೂರು ತಿಂಗಳಾಯ್ತು, ಮೊದಲ ರೇಸಿಗೆ ಒಬ್ಬರೇ ಎರಡು ಹುಟ್ಟು ಹಾಕುವ ಸಿಂಗಲ್ ಹತ್ತಲೋ ಎಂಟು ಜನರ ದೋಣಿ ಹತ್ತಲೋ ಅಂತ ಕೇಳಿದ್ದೀರಿ. ಎರಡರಲ್ಲೂ ರೇಸ್ ಮಾಡಿದ್ದೇನೆ. ಸದ್ಯಕ್ಕೆ ಎರಡೂ ಬೇಡ, ಕಾಕ್ಸ್ (ಹುಟ್ಟು ಹಾಕದೆ ದಾರಿ ಹಿಡಿಯುವವರು) ಇರುವ ಕ್ವಾಡ್, ಅಂದ್ರೆ ನಾಲ್ಕು ಜನರ ದೋಣಿ ಸಿಗುತ್ತಾ ನೋಡಿ.

ಸಿಂಗಲ್ ಸುಮಾರು 8 ಮೀಟರ್ ಉದ್ದ, ಸೊಂಟದಷ್ಟೇ ಅಗಲ. ದೊಡ್ಡ ರೇಸುಗಳಲ್ಲಿ ಅದರ ಕನಿಷ್ಠ ತೂಕ 14 ಕಿಲೋ. ಹಗ್ಗದ ಮೇಲೆ ನಡೆಯುವವರ ಕೈಯಲ್ಲಿ ಕೋಲು ಇರುತ್ತಲ್ವಾ, ಇಲ್ಲಿ ಆ ಕೆಲಸ ಎರಡು ಹುಟ್ಟುಗಳದ್ದು. ಹಿಂದಕ್ಕೆ ಮುಖ ಮಾಡಿ ಕೂರೋದರಿಂದ ಗುರಿ ಬೆನ್ನ ಹಿಂದೆ. ದಾರಿ ನೋಡೋಕೆ ಕತ್ತು ತಿರುಗಿಸಿದರೂ ದೋಣಿ ವಾಲುತ್ತದೆ. ನನ್ನ ಮೊದಲ ಸಿಂಗಲ್ ರೇಸಿನಲ್ಲಿ 300 ಮೀಟರ್ ದಾಟುವಾಗ ಎಡಗೈ ಹುಟ್ಟಿನ ಬ್ಲೇಡ್ (ತುದಿಯ ಚಪ್ಪಟೆ ಭಾಗ) ಓರೆಯಾಗಿ ನೀರಿಗಿಳಿದು ಸಿಕ್ಕಿಕೊಂಡಿತು. ಹಿಡಿ ಬಂದು ಹೊಟ್ಟೆಗೆ ಬಡಿಯಿತು, ದೋಣಿ ನಿಂತೇಬಿಟ್ಟಿತು. ಮತ್ತೆ ಹೊರಡುವಷ್ಟರಲ್ಲಿ ಉಳಿದವರು ದೂರ ಹೋಗಿದ್ದರು. ಆದರೂ ಅಭ್ಯಾಸಕ್ಕೆ ವಾರಕ್ಕೊಮ್ಮೆ ಸಿಂಗಲ್ ಬಿಡಬೇಡಿ. ತಪ್ಪು ಎಲ್ಲಿದೆ ಅಂತ ಅದು ತಕ್ಷಣ ತೋರಿಸುತ್ತದೆ.

ಏಟ್‌ನಲ್ಲಿ, ಅಂದ್ರೆ ಎಂಟು ಜನರ ದೋಣಿಯಲ್ಲಿ, ಒಬ್ಬೊಬ್ಬರಿಗೆ ಒಂದೇ ಉದ್ದನೆಯ ಹುಟ್ಟು, ಜೊತೆಗೆ ದಾರಿ ಹಿಡಿಯೋಕೆ ಕಾಕ್ಸ್. ಅದರ ಓಟವೇ ಬೇರೆ. ಒಳ್ಳೆಯ ಪುರುಷರ ತಂಡ 2000 ಮೀಟರನ್ನು ಐದೂವರೆ ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತದೆ. ಅದೇ ಮಟ್ಟದ ಸಿಂಗಲ್‌ಗೆ ಇನ್ನೊಂದು ನಿಮಿಷಕ್ಕೂ ಜಾಸ್ತಿ ಬೇಕು. ಎಂಟೂ ಬ್ಲೇಡ್ ಒಟ್ಟಿಗೆ ನೀರಿಗಿಳಿದಾಗ ತಳದಲ್ಲಿ ಗುಳುಗುಳು ಸದ್ದು ಕೇಳುತ್ತದೆ. ಆ ಸದ್ದಿಗಾಗಿಯೇ ನಾನು ಬೆಳಗಿನ ಜಾವ ಏಳುತ್ತೇನೆ. ಆದರೆ ಒಬ್ಬರು ಚೂರು ತಡ ಮಾಡಿದರೂ ಇಡೀ ದೋಣಿಗೆ ಗೊತ್ತಾಗುತ್ತದೆ. ಮೂರು ತಿಂಗಳಿಗೆ ಆ ಹೊರೆ ಬೇಡ.

ಇಬ್ಬರು ಒಂದೊಂದೇ ಹುಟ್ಟು ಹಿಡಿಯುವ ಪೇರ್ ಅಂತೂ ಈಗ ಬೇಡವೇ ಬೇಡ. ಬಲ ಸಮವಾಗದಿದ್ದರೆ ಸುಮ್ನೆ ಒಂದೇ ಕಡೆ ತಿರುಗುತ್ತಿರುತ್ತದೆ.

ಕ್ವಾಡ್‌ನಲ್ಲಿ ನಿಮಗೆ ಗೊತ್ತಿರುವ ಎರಡು ಹುಟ್ಟೇ ಇರುತ್ತವೆ. ನಾಲ್ಕು ಜನ ಇರೋದರಿಂದ ದೋಣಿ ಅಷ್ಟು ಅಲುಗಲ್ಲ, ದಾರಿಯ ಚಿಂತೆ ಕಾಕ್ಸ್‌ನದ್ದು. ಮುಂದೆ ಕೂತವರ ಬೆನ್ನು ನೋಡುತ್ತಾ ಅವರ ಲಯ ಹಿಡಿದರೆ ಸಾಕು. ಮೊದಲ 500 ಮೀಟರಿನಲ್ಲಿ ಹುರುಪು ಜಾಸ್ತಿ ಇರುತ್ತದೆ, ಆಯಾಸ ಗೊತ್ತೇ ಆಗಲ್ಲ. ಅಲ್ಲೇ ಶಕ್ತಿ ಖರ್ಚು ಮಾಡಿದರೆ ಮೂರನೇ 500ರಲ್ಲಿ ಕಾಲು ಕಲ್ಲಾಗುತ್ತದೆ. ಕೈಯಿಂದ ಎಳೆಯಬೇಡಿ, ಕಾಲಿನಿಂದ ಒತ್ತಿ.

ನೀರಿಗಿಳಿಯುವ ಮುನ್ನ ಗೇಟ್‌ಗಳ (ಹುಟ್ಟು ಜಾರದಂತೆ ಮುಚ್ಚುವ ಸರಳು) ತಿರುಪು ಬಿಗಿಯಾಗಿದೆಯಾ, ದೋಣಿಗೇ ಜೋಡಿಸಿರುವ ಶೂಗಳ ಹಿಮ್ಮಡಿ ದಾರ ಕಟ್ಟಿದೆಯಾ ನೀವೇ ಮುಟ್ಟಿ ನೋಡಿ. ದೋಣಿ ಮಗುಚಿದರೆ ಪಾದ ಶೂನಿಂದ ಹೊರಬರೋದು ಆ ದಾರದಿಂದಲೇ. ಮಗುಚಿದರೆ ದಡಕ್ಕೆ ಈಜೋಕೆ ಹೋಗಬೇಡಿ. ದೋಣಿ ಮುಳುಗಲ್ಲ, ಅದನ್ನೇ ಹಿಡಿದುಕೊಂಡು ಕೈ ಎತ್ತಿ.